ಒಂದು ಪೌಂಡ್ ಸಕ್ಕರೆ

(ಮೈಸೂರಿನಲ್ಲಿ ಗೆಳೆಯರು ಏರ್ಪಡಿಸಿದ್ದ ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2022ರ ಸೆಪ್ಟೆಂಬರ್ 8, ಗುರುವಾರ. ಎಲಿಜಬೆತ್ ರಾಣಿ ತೀರಿಕೊಂಡ ಸುದ್ದಿ ನಮ್ಮ ಫಿಲಡೆಲ್ಫಿಯಾಕ್ಕೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಪಕ್ಕದ ಮನೆಯ ಮೆಟ್ಟಿಲುಗಳ ಮೇಲೆ ಹೂಗುಚ್ಛಗಳು. ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ ಸಂತಾಪದ ಕಾರ್ಡುಗಳು. ಯಾರೋ ಒಬ್ಬರು ದೊಡ್ಡ ಪಾತ್ರೆಯ ತುಂಬ ಪಾಸ್ತಾ ಬೇಯಿಸಿ ಮುಚ್ಚಿಟ್ಟು ಹೋಗಿದ್ದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ನಾವು ಬುತ್ತಿ ಕಳಿಸುತ್ತೇವಲ್ಲ, ಅಮೆರಿಕನ್ನರಲ್ಲಿಯೂ ಆ ಪದ್ಧತಿ ಇದೆ.

ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಆ ಬೀದಿಯಲ್ಲಿ ಇಂಗ್ಲೆಂಡಿನಿಂದ ಬಂದವರು ಅವರೊಬ್ಬರೇ, ಅಷ್ಟೇ ಕಾರಣ. ನಾನು ಒಳಗೆ ಹೋದೆ. ಹೂವುಗಳನ್ನು ಒಂದೊಂದಾಗಿ ನೀರಿಗೆ ಹಾಕುತ್ತಿದ್ದರು. ಹೂದಾನಿಗಳು ಸಾಲದೆ ಉಪ್ಪಿನಕಾಯಿ ಜಾಡಿಗಳನ್ನೂ ಇಳಿಸಿಕೊಂಡಿದ್ದರು. ನನ್ನನ್ನು ನೋಡಿ ಹೇಳಿದರು: "ನನ್ನ ತಂಗಿ ಹೋದಾಗ ಇಷ್ಟು ಹೂವು ಬಂದಿರಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಒಂದು ಆಶ್ಚರ್ಯ ಇತ್ತು, ಸ್ವಲ್ಪ ನೋವೂ ಇತ್ತು. ಇಂದಿನ ಮಾತು ಹುಟ್ಟಿದ್ದು ಅಲ್ಲಿಂದ. ರಾಜಮನೆತನದ ಬಗ್ಗೆ ಒಬ್ಬ ಇಂಗ್ಲಿಷ್ ಹೆಂಗಸು ಯಾಕೆ ಇಷ್ಟು ನಿರಾಸಕ್ತೆಯಾಗಿದ್ದರು? ಅದೇ ರಾಜನನ್ನು ಹೊಡೆದೋಡಿಸಿ ದೇಶ ಕಟ್ಟಿದ ಅಮೆರಿಕನ್ನರು ಯಾಕೆ ಹೂವು ತರುತ್ತಾರೆ?

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ತಾಯಿ ಆರು ತಿಂಗಳು ನಮ್ಮಲ್ಲಿಗೆ ಬಂದಿದ್ದಾಗ ಅವರನ್ನು ನರ್ಸಮ್ಮ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ನರ್ಸಮ್ಮ ಹುಟ್ಟಿದ್ದು 1946ರಲ್ಲಿ, ಯಾರ್ಕ್‌ಶೈರಿನ ಬಾರ್ನ್ಸ್ಲಿಯ ಹತ್ತಿರದ ಒಂದು ಗಣಿ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕೆಲಸಗಾರ. ಶೆಫೀಲ್ಡಿನಲ್ಲಿ ನರ್ಸಿಂಗ್ ಕಲಿತು, 1974ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದರು. ಅಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು. ಅಷ್ಟು ವರ್ಷ ಅಮೆರಿಕದಲ್ಲಿದ್ದರೂ ಅವರ ಉಚ್ಚಾರಣೆ ಕರಗಲಿಲ್ಲ. ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಕೌಂಟರಿನ ಆಚೆಯವರ ಮುಖ ಅರಳುತ್ತಿತ್ತು. ಬೆನ್ನಿಗೇ ಪ್ರಶ್ನೆ ಬರುತ್ತಿತ್ತು: "ನೀವು ರಾಣಿಯನ್ನು ನೋಡಿದ್ದೀರಾ?"

ಒಂದು ಸಲ ನೋಡಬಹುದಾಗಿತ್ತು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ, ಜುಲೈ 6ರಂದು ರಾಣಿ ಫಿಲಡೆಲ್ಫಿಯಾಕ್ಕೇ ಬಂದರು. ಬ್ರಿಟನ್ನಿನ ಜನರ ಪರವಾಗಿ ಒಂದು ದೊಡ್ಡ ಗಂಟೆಯನ್ನು ಕಾಣಿಕೆ ಕೊಟ್ಟರು. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ, ಅಮೆರಿಕದ ಸ್ವಾತಂತ್ರ್ಯದ ಸಂಕೇತವಾದ ಹಳೆಯ ಲಿಬರ್ಟಿ ಬೆಲ್ಲನ್ನು ಮೊದಲು ಎರಕ ಹೊಯ್ದ ಅದೇ ಕುಲುಮೆಯಲ್ಲಿ ಮಾಡಿಸಿದ ಗಂಟೆ. ಅಂದಿನ ಭಾಷಣದಲ್ಲಿ ರಾಣಿ ಒಂದು ದೊಡ್ಡ ಮಾತು ಹೇಳಿದರು. ಜುಲೈ 4ನ್ನು ಬ್ರಿಟನ್ನಿನಲ್ಲಿಯೂ ಆಚರಿಸಬೇಕು, ಕೈಯಲ್ಲಿ ಉಳಿಸಿಕೊಳ್ಳಲಾಗದ್ದನ್ನು ಯಾವಾಗ, ಹೇಗೆ ಬಿಟ್ಟುಕೊಡಬೇಕೆಂಬ ಪಾಠವನ್ನು ಅಮೆರಿಕ ನಮಗೆ ಕಲಿಸಿತು ಎಂಬುದು ಅದರ ಸಾರ. ಆ ಮಾತಿಗೆ ನನಗೆ ಇಂದಿಗೂ ಗೌರವವಿದೆ.

ನರ್ಸಮ್ಮ ಹೋಗಲಿಲ್ಲ. ಆಸ್ಪತ್ರೆಯ ಅಮೆರಿಕನ್ ನರ್ಸುಗಳಿಗೆಲ್ಲ ರಾಣಿಯನ್ನು ನೋಡುವ ಹಂಬಲ. ರಜೆ ಸಿಗದವರು ಪಾಳಿ ಬದಲಿಸಿಕೊಳ್ಳಲು ಪರದಾಡುತ್ತಿದ್ದರು. ನರ್ಸಮ್ಮ ಒಬ್ಬರ ನಂತರ ಒಬ್ಬರಂತೆ ಮೂವರ ಪಾಳಿ ವಹಿಸಿಕೊಂಡರು. ರಾಣಿಯ ಕಾರು ಕೆಲವೇ ಬೀದಿಗಳ ಆಚೆ ಹಾದುಹೋಗುತ್ತಿದ್ದಾಗ ಅವರು ಶಸ್ತ್ರಚಿಕಿತ್ಸೆಯಾದ ಒಬ್ಬ ಮುದುಕನ ಪಟ್ಟಿ ಬದಲಿಸುತ್ತಿದ್ದರಂತೆ. ನನಗೆ ಇದನ್ನು ಹೇಳುವಾಗ ಆ ಮುದುಕನ ಹೆಸರು, ಗಾಯದ ಅಳತೆ ಎಲ್ಲವೂ ಅವರಿಗೆ ನೆನಪಿತ್ತು.

ಈಗ ಅಮೆರಿಕನ್ನರ ಕಡೆಗೆ ಬರೋಣ. ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ 1776ರ ಜುಲೈ 4ರಂದು ಅಂಗೀಕಾರವಾದ ಸ್ವಾತಂತ್ರ್ಯ ಘೋಷಣೆಯನ್ನು ನೀವು ಪೂರ್ತಿ ಓದಿ. ಎಲ್ಲರ ಬಾಯಲ್ಲಿರುವ ಆರಂಭದ ಸಾಲುಗಳು ಚಿಕ್ಕವು. ಉಳಿದ ಬಹುಭಾಗ ಮೂರನೆಯ ಜಾರ್ಜ್ ದೊರೆಯ ಮೇಲಿನ ದೋಷಾರೋಪ ಪಟ್ಟಿ. ಆತ ಹೀಗೆ ಮಾಡಿದ, ಆತ ಹಾಗೆ ಮಾಡಿದ ಎಂದು ಇಪ್ಪತ್ತೇಳು ಆರೋಪಗಳು. ಆತ ನಮ್ಮ ಸಮುದ್ರಗಳನ್ನು ಸೂರೆಗೊಂಡ, ನಮ್ಮ ಊರುಗಳನ್ನು ಸುಟ್ಟ ಎಂದು ಒಂದಾದ ಮೇಲೊಂದು ಏಟು. ಆ ಘೋಷಣೆಯನ್ನು ನ್ಯೂಯಾರ್ಕಿನಲ್ಲಿ ಜುಲೈ 9ರಂದು ಸೈನಿಕರ ಮುಂದೆ ಓದಿದ ಸಂಜೆ, ಜನ ಬೌಲಿಂಗ್ ಗ್ರೀನ್ ಎಂಬಲ್ಲಿಗೆ ನುಗ್ಗಿ ಕುದುರೆಯೇರಿದ ಜಾರ್ಜನ ಸೀಸದ ಪ್ರತಿಮೆಯನ್ನು ಹಗ್ಗ ಕಟ್ಟಿ ಕೆಡವಿದರು. ಅದರ ಬಹುಪಾಲು ಸೀಸವನ್ನು ಕನೆಕ್ಟಿಕಟ್ಟಿನ ಲಿಚ್‌ಫೀಲ್ಡಿಗೆ ಸಾಗಿಸಿ 42,088 ಗುಂಡುಗಳನ್ನು ಎರಕ ಹೊಯ್ದರು. ಪ್ರತಿಮೆಯ ಸುತ್ತ ಇದ್ದ ಕಬ್ಬಿಣದ ಬೇಲಿ ಈಗಲೂ ಅಲ್ಲೇ ಇದೆ. ನಾನು ಆ ಬೇಲಿಯನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ.

ಈ ಮೂರನೆಯ ಜಾರ್ಜ್ ಮೈಸೂರಿಗೂ ಹೊರಗಿನವನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿನ ಸಿಂಹಾಸನದಲ್ಲಿದ್ದವನು ಇವನೇ. ಇಲ್ಲಿಂದ ಹೋದ ರಾಕೆಟ್ಟುಗಳ ಮಾದರಿಯಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ತಯಾರಿಸಿದ. ಬ್ರಿಟಿಷ್ ನೌಕಾಪಡೆ 1814ರಲ್ಲಿ ಅವನ್ನು ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿಸಿತು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ಕೆಂಪು ಬೆಳಕು ಆ ರಾಕೆಟ್ಟುಗಳದ್ದು. ಪ್ರತಿ ಸಲ ಆ ಗೀತೆ ಕೇಳಿದಾಗ ನನಗೆ ಶ್ರೀರಂಗಪಟ್ಟಣದ ಕೋಟೆಯ ಗೋಡೆ ಕಣ್ಣ ಮುಂದೆ ಬರುತ್ತಿತ್ತು.

ಸ್ವಾತಂತ್ರ್ಯ ಘೋಷಣೆಯಾಗಿ ಎಂಬತ್ತನಾಲ್ಕು ವರ್ಷಕ್ಕೆ, 1860ರಲ್ಲಿ, ಅದೇ ಜಾರ್ಜನ ಮರಿಮಗ, ವಿಕ್ಟೋರಿಯಾ ರಾಣಿಯ ಹಿರಿಯ ಮಗ, ಅಮೆರಿಕಕ್ಕೆ ಬಂದ. ಹದಿನೆಂಟು ವರ್ಷದ ಹುಡುಗ. ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸಮಾಧಿಯ ಮುಂದೆ ಟೋಪಿ ತೆಗೆದು ನಿಂತ. ನ್ಯೂಯಾರ್ಕಿನಲ್ಲಿ ಅವನಿಗಾಗಿ ಏರ್ಪಡಿಸಿದ ನೃತ್ಯಕೂಟಕ್ಕೆ ಎಷ್ಟು ಜನ ಸೇರಿದರೆಂದರೆ ಮರದ ನೆಲ ಕುಸಿಯಿತು. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಆ ಹುಡುಗನ ಪ್ರತಿಮೆಯನ್ನು ನೀವು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನೋಡಿರುತ್ತೀರಿ. 1939ರ ಜೂನ್‌ನಲ್ಲಿ ಆರನೆಯ ಜಾರ್ಜ್ ಬಂದ. ಅಧಿಕಾರದಲ್ಲಿದ್ದ ಬ್ರಿಟಿಷ್ ದೊರೆಯೊಬ್ಬ ಅಮೆರಿಕದ ನೆಲ ಮೆಟ್ಟಿದ್ದು ಅದೇ ಮೊದಲು. ಅಧ್ಯಕ್ಷ ರೂಸ್‌ವೆಲ್ಟ್ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನ ತಮ್ಮ ತೋಟದಲ್ಲಿ ಅವನಿಗೆ ಹಾಟ್ ಡಾಗ್ ತಿನ್ನಿಸಿದರು. ಯುದ್ಧ ಮೂರೇ ತಿಂಗಳು ದೂರದಲ್ಲಿತ್ತು. ಇಂಗ್ಲೆಂಡಿಗೆ ಅಮೆರಿಕದ ಜನರ ಮನಸ್ಸು ಬೇಕಾಗಿತ್ತು. ಹಾಟ್ ಡಾಗ್ ಹಿಡಿದ ದೊರೆಯನ್ನು ಆ ಜನ ಮೆಚ್ಚಿಕೊಂಡರು.

1953ರ ಜೂನ್ 2ರಂದು ಎಲಿಜಬೆತ್ತರ ಪಟ್ಟಾಭಿಷೇಕವಾದಾಗ ಅಟ್ಲಾಂಟಿಕ್ ದಾಟಿ ನೇರ ಪ್ರಸಾರ ಮಾಡುವ ಉಪಗ್ರಹಗಳಿರಲಿಲ್ಲ. ಬಿಬಿಸಿಯ ಚಿತ್ರಸುರುಳಿಗಳನ್ನು ಬ್ರಿಟಿಷ್ ವಾಯುಪಡೆಯ ಕ್ಯಾನ್‌ಬೆರಾ ಜೆಟ್ ವಿಮಾನಗಳು ಕೆನಡಾಕ್ಕೆ ಹೊತ್ತು ತಂದವು. ಅಮೆರಿಕದ ಟೆಲಿವಿಷನ್ ಕಂಪನಿಗಳು ಯಾರು ಮೊದಲು ತೋರಿಸುತ್ತಾರೆಂದು ಪೈಪೋಟಿಗೆ ಬಿದ್ದವು. ಅದೇ ದಿನ ಸಂಜೆಯೊಳಗೆ ಅಮೆರಿಕನ್ನರು ತಮ್ಮ ಮನೆಗಳಲ್ಲಿ ಕುಳಿತು ಪರದೇಶದ ರಾಣಿಯ ತಲೆಗೆ ಕಿರೀಟ ಇಡುವುದನ್ನು ನೋಡಿದರು.

ಯಾಕೆ ಈ ಸೆಳೆತ? ಅಮೆರಿಕನ್ನರನ್ನು ಹಳಿಯುವುದು ಸುಲಭ, ನನಗೆ ಆ ಮನಸ್ಸಿಲ್ಲ. ಹೂವು ತಂದವರು ಒಳ್ಳೆಯ ಜನ, ಮನಸಾರೆ ದುಃಖಪಟ್ಟವರು. ನನಗೆ ಅನ್ನಿಸುವುದು ಇಷ್ಟು. ಅವರ ದೇಶದಲ್ಲಿ ರಾಷ್ಟ್ರದ ಮುಖ್ಯಸ್ಥನೂ ಸರ್ಕಾರದ ಮುಖ್ಯಸ್ಥನೂ ಒಬ್ಬನೇ. ಯುದ್ಧದಲ್ಲಿ ಸತ್ತವರಿಗೆ ಹೂಮಾಲೆ ಇಡುವವನೂ ಅವನೇ, ಆ ಯುದ್ಧಕ್ಕೆ ಆಜ್ಞೆ ಕೊಟ್ಟವನೂ ಅವನೇ. ದೇಶದ ಅರ್ಧ ಜನ ಯಾವತ್ತೂ ಅವನ ವಿರುದ್ಧ ಮತ ಹಾಕಿದವರು. ಹಾಗಿರುವಾಗ ಎಲ್ಲರೂ ಒಟ್ಟಿಗೆ ಸಂಭ್ರಮಿಸುವುದಕ್ಕೆ, ಒಟ್ಟಿಗೆ ಅಳುವುದಕ್ಕೆ ಒಂದು ಮುಖ ಎಲ್ಲಿಂದ ತರುವುದು? 1789ರಲ್ಲೇ ಈ ತೊಡಕು ಎದುರಾಗಿತ್ತು. ವಾಷಿಂಗ್ಟನ್ನನನ್ನು ಏನೆಂದು ಕರೆಯಬೇಕೆಂದು ಸೆನೆಟ್ಟಿನಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಮಹಾಪ್ರಭು, ಜನರ ಸ್ವಾತಂತ್ರ್ಯಗಳ ರಕ್ಷಕ ಎಂಬಂಥ ಉದ್ದದ ಬಿರುದಿನ ಸಲಹೆಯೂ ಬಂದಿತ್ತು. ಕೊನೆಗೆ ಬರಿಯ ಅಧ್ಯಕ್ಷ ಎಂದು ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನ. ಆದರೆ ಖಾಲಿ ಬಿಟ್ಟ ಆ ಜಾಗ ಇನ್ನೂ ಖಾಲಿಯೇ ಇದೆ. ಅಲ್ಲಿಗೆ ಅವರು ಪಕ್ಕದ ಮನೆಯ ರಾಣಿಯನ್ನು ಕರೆದುಕೊಂಡು ಬರುತ್ತಾರೆ. ಅವಳಿಗೆ ತೆರಿಗೆ ಕೊಡಬೇಕಾಗಿಲ್ಲ, ತಲೆಬಾಗಬೇಕಾಗಿಲ್ಲ, ಅವಳ ಹೆಸರಿನಲ್ಲಿ ಯಾರೂ ಸೆರೆಮನೆಗೆ ಹೋಗುವುದಿಲ್ಲ.

ಅದರ ಜೊತೆಗೆ ಇನ್ನೊಂದು ಆಸೆಯೂ ಇದೆ: ನಮ್ಮ ಮನೆಯ ಹುಡುಗಿಯೂ ಅರಮನೆ ಸೇರಬಹುದು. ನಮ್ಮ ಮನೆಯಿಂದ ಕೆಲವು ಮೈಲಿ ದೂರದಲ್ಲಿ, ಈಸ್ಟ್ ಫಾಲ್ಸ್‌ನ ಹೆನ್ರಿ ಅವೆನ್ಯೂನಲ್ಲಿ ಇಟ್ಟಿಗೆಯ ದೊಡ್ಡ ಮನೆಯೊಂದಿದೆ. ಇಟ್ಟಿಗೆ ಕಟ್ಟಡಗಳ ಗುತ್ತಿಗೆದಾರರೊಬ್ಬರು ಕಟ್ಟಿಸಿದ್ದು. ಅವರ ಮಗಳು ಗ್ರೇಸ್ ಕೆಲ್ಲಿ ನಟಿಯಾಗಿ, 1956ರಲ್ಲಿ ಮೊನಾಕೊದ ರಾಜಕುಮಾರನನ್ನು ಮದುವೆಯಾದರು. ಫಿಲಡೆಲ್ಫಿಯಾದ ಹಿರಿಯರು ಇಂದಿಗೂ ಆ ಮನೆಯನ್ನು ಬಂದವರಿಗೆ ತೋರಿಸುತ್ತಾರೆ. 2018ರಲ್ಲಿ ಅಮೆರಿಕದ ನಟಿ ಮೇಗನ್ ಮಾರ್ಕೆಲ್ ಬ್ರಿಟನ್ನಿನ ರಾಜಕುಮಾರ ಹ್ಯಾರಿಯನ್ನು ಮದುವೆಯಾದಾಗ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಜನ ಟಿವಿ ಮುಂದೆ ಕುಳಿತಿದ್ದರು, ಬ್ರಿಟನ್ನಿನಲ್ಲಿ ಸುಮಾರು 1 ಕೋಟಿ 80 ಲಕ್ಷ. ಜನಸಂಖ್ಯೆಯ ಲೆಕ್ಕದಲ್ಲಿ ಬ್ರಿಟನ್ನಿನ ಪಾಲೇ ದೊಡ್ಡದು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೂ ಶನಿವಾರ ಬೆಳಗ್ಗೆ ಏಳಕ್ಕೆ ಎದ್ದು, ತಲೆಗೆ ಹೂವಿನ ಟೋಪಿ ಹಾಕಿಕೊಂಡು, ನಮ್ಮ ಬೀದಿಯ ಹೆಂಗಸರು ಒಂದು ಮನೆಯಲ್ಲಿ ಸೇರಿದ್ದನ್ನು ನಾನೇ ಕಂಡಿದ್ದೇನೆ. ಕಪ್ಪು ತಾಯಿಯ ಮಗಳೊಬ್ಬಳು ಆ ಚರ್ಚಿನೊಳಗೆ ಒಬ್ಬಳೇ ನಡೆದು ಬಂದಾಗ ಅವರಲ್ಲಿ ಹಲವರು ಅತ್ತರು. ಆ ಕಣ್ಣೀರು ಹುಸಿಯಲ್ಲ.

ಇನ್ನು ಇಂಗ್ಲಿಷರ ಮಾತು. ನಾವು ಕಾಗದ ಬರೆಯುವಾಗ ಮೇಲೆ ಶ್ರೀಕಾರ ಹಾಕುತ್ತಿದ್ದೆವು. ಅದನ್ನು ಬರೆಯುವಾಗ ಯಾರೂ ಲಕ್ಷ್ಮಿಯನ್ನು ಧ್ಯಾನಿಸುತ್ತಿರಲಿಲ್ಲ. ಅದು ಹಾಳೆಯ ಒಂದು ಭಾಗ. ಇಂಗ್ಲೆಂಡಿನಲ್ಲಿ ದೊರೆಯ ಹೆಸರು ಹಾಗೆ. ಅಂಚೆ ಪೆಟ್ಟಿಗೆಯ ಮೇಲೆ ಅವನ ಮೊದಲಕ್ಷರ, ನಾಣ್ಯದ ಮೇಲೆ ಮುಖ, ತೆರಿಗೆ ಇಲಾಖೆಯ ಹೆಸರಿನಲ್ಲಿ ಅವನು, ಕ್ರಿಮಿನಲ್ ಮೊಕದ್ದಮೆಯಲ್ಲಿ ಫಿರ್ಯಾದಿಯೂ ಅವನೇ. ಎಲ್ಲೆಲ್ಲೂ ಇರುವುದು ಕಣ್ಣಿಗೆ ಬೀಳುವುದಿಲ್ಲ.

ಆದರೆ ದೊರೆಯನ್ನು ಹೀಗೆ ಶ್ರೀಕಾರವಾಗಿಸಲು ಆ ಜನ ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತೇ? 1642ರಲ್ಲಿ ಒಂದನೆಯ ಚಾರ್ಲ್ಸ್ ಸೈನಿಕರೊಂದಿಗೆ ಸಂಸತ್ತಿನ ಕಾಮನ್ಸ್ ಸಭೆಗೆ ನುಗ್ಗಿ ಐವರು ಸದಸ್ಯರನ್ನು ಹಿಡಿಯಲು ಹೋದ. ಅವರು ಮೊದಲೇ ತಪ್ಪಿಸಿಕೊಂಡಿದ್ದರು. ಒಳಯುದ್ಧವಾಯಿತು. 1649ರ ಜನವರಿ 30ರಂದು ವೈಟ್‌ಹಾಲ್‌ನ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ ಅವನ ತಲೆ ಕಡಿದರು. ಹನ್ನೊಂದು ವರ್ಷ ದೊರೆಯೇ ಇರಲಿಲ್ಲ. ಮತ್ತೆ ದೊರೆಯನ್ನು ಕರೆತಂದರು. ಮುಂದೆ 1689ರ ಹಕ್ಕುಗಳ ಶಾಸನ ದೊರೆಯ ಕೈ ಕಟ್ಟಿತು. ಸಂಸತ್ತು ಒಪ್ಪಿದ ಮಸೂದೆಯನ್ನು ಸಿಂಹಾಸನ ಕೊನೆಯ ಸಲ ತಿರಸ್ಕರಿಸಿದ್ದು 1708ರಲ್ಲಿ, ಆನ್ ರಾಣಿಯ ಕಾಲದಲ್ಲಿ. ಇಂದಿಗೂ ಸಂಸತ್ತಿನ ಅಧಿವೇಶನ ಆರಂಭವಾಗುವ ದಿನ ದೊರೆಯ ದೂತ ಕಾಮನ್ಸ್ ಸಭೆಗೆ ಬಂದರೆ ಅವನ ಮುಖಕ್ಕೇ ಬಾಗಿಲು ಹಾಕುತ್ತಾರೆ. ಅವನು ಕೋಲಿನಿಂದ ಮೂರು ಸಲ ಬಡಿದು ಕಾಯಬೇಕು. ಆ ದಿನ ದೊರೆ ಓದುವ ಭಾಷಣದ ಒಂದೊಂದು ಪದವನ್ನೂ ಸರ್ಕಾರ ಬರೆದುಕೊಟ್ಟಿರುತ್ತದೆ.

ನಮ್ಮಲ್ಲಿ ಒಂದು ಗಾದೆ ಇದೆ: ರಾಮ ರಾಜ್ಯವಾಳಿದರೇನು, ರಾವಣ ರಾಜ್ಯವಾಳಿದರೇನು, ರಾಗಿ ಬೀಸುವುದು ತಪ್ಪುವುದಿಲ್ಲ. ನರ್ಸಮ್ಮನದು ಈ ಬಗೆಯ ನಿರಾಸಕ್ತಿ ಎಂದು ಬಹಳ ದಿನ ಅಂದುಕೊಂಡಿದ್ದೆ. ಅದು ನನ್ನ ತಪ್ಪು. ಗಾದೆಯ ಹೆಂಗಸಿಗೆ ಆಳುವವನ ಮೇಲೆ ಯಾವ ಹಿಡಿತವೂ ಇಲ್ಲ. ಅವಳು ಕೈಸೋತು ಹಾಗೆ ಹೇಳುತ್ತಾಳೆ. ದೊರೆಯ ಮುಖಭಾವ ಬದಲಾದರೆ ಅವಳ ಮನೆ ಉರಿಯಬಹುದು, ಆದ್ದರಿಂದ ಒಳಗೊಳಗೇ ಅವಳಿಗೆ ಅರಮನೆಯ ಭಯ ಇದ್ದೇ ಇದೆ. ನರ್ಸಮ್ಮನಿಗೆ ಆ ಭಯದ ನೆನಪೂ ಇರಲಿಲ್ಲ. ಅರಮನೆಯಲ್ಲಿ ಯಾರಿದ್ದಾರೆ, ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ ಎಂದು ತಿಳಿಯದೆಯೂ ನೆಮ್ಮದಿಯಾಗಿ ಬದುಕಬಹುದು ಎಂಬುದು ಅವರಿಗೆ ಅಜ್ಜ ಮುತ್ತಜ್ಜಂದಿರಿಂದ ಬಂದ ಆಸ್ತಿ. ನೂರಾರು ವರ್ಷ ಹೋರಾಡಿ ಗಳಿಸಿದ ಆಸ್ತಿ. ಕುತೂಹಲವಿಲ್ಲದಿರುವುದನ್ನು ನಾವು ಕೊರತೆ ಎಂದು ತಿಳಿಯುತ್ತೇವೆ. ದೊರೆಯ ವಿಷಯದಲ್ಲಿ ಅದು ಪ್ರಜೆಯ ದೊಡ್ಡ ಸಂಪಾದನೆ ಎಂದು ನಾನು ಈಗ ನಂಬಿದ್ದೇನೆ.

ಎಲ್ಲ ಇಂಗ್ಲಿಷರೂ ನರ್ಸಮ್ಮನಂತಲ್ಲ. 2022ರಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ರಾಣಿಯ ಶವಪೆಟ್ಟಿಗೆಯ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಹಾದುಹೋದರು. ಇಡೀ ರಾತ್ರಿ ಸರದಿಯಲ್ಲಿ ನಿಂತವರಿದ್ದರು. ಅವರ ಗೌರವವನ್ನು ನಾನು ಗೌರವಿಸುತ್ತೇನೆ. ಆದರೆ ಮರುವರ್ಷ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಮೊದಲು ಯುಗವ್ ಸಂಸ್ಥೆ ಸಮೀಕ್ಷೆ ಮಾಡಿದಾಗ, ಶೇಕಡ 64ರಷ್ಟು ಬ್ರಿಟಿಷರು ಆ ಬಗ್ಗೆ ತಮಗೆ ಅಷ್ಟೇನೂ ಆಸಕ್ತಿಯಿಲ್ಲ ಅಥವಾ ಸ್ವಲ್ಪವೂ ಇಲ್ಲ ಎಂದರು. ಖರ್ಚಿನ ಬಗ್ಗೆ ಮಾತ್ರ ಅವರಿಗೆ ಆಸಕ್ತಿ ಇದ್ದೇ ಇದೆ. 1992ರ ನವೆಂಬರಿನಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದಾಗ ದುರಸ್ತಿಯ ಹಣವನ್ನು ಸರ್ಕಾರ ಕೊಡುತ್ತದೆಂದು ಮಂತ್ರಿ ಹೇಳಿದ್ದೇ ತಡ, ಜನ ಸಿಡಿದೆದ್ದರು. ಮರುವರ್ಷದಿಂದ ರಾಣಿ ಆದಾಯ ತೆರಿಗೆ ಕಟ್ಟತೊಡಗಿದರು. ಬಕಿಂಗ್‌ಹ್ಯಾಮ್ ಅರಮನೆಯನ್ನು ಟಿಕೆಟ್ ಇಟ್ಟು ಜನರಿಗೆ ತೆರೆದರು. ಅರಮನೆಯ ಕಥೆಯನ್ನು ಅಮೆರಿಕನ್ನರು ನೋಡುತ್ತಾರೆ, ಲೆಕ್ಕವನ್ನು ಇಂಗ್ಲಿಷರು ನೋಡುತ್ತಾರೆ.

ಈಗ ನಾನು ಹೇಳಲೇಬೇಕೆಂದು ಬಂದ ಒಂದು ಸಂಜೆಯ ವಿಷಯ.

2012ರ ಜುಲೈ 27. ಲಂಡನ್ ಒಲಿಂಪಿಕ್ಸ್ ಉದ್ಘಾಟನೆ. ನಮ್ಮ ಬೀದಿಯವರೆಲ್ಲ ನರ್ಸಮ್ಮನ ಮನೆಯಲ್ಲೇ ನೋಡಬೇಕೆಂದು ಹಟ ಹಿಡಿದು ಸೇರಿದರು. ನನ್ನ ತಾಯಿಯೂ ಇದ್ದರು. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಜೇಮ್ಸ್ ಬಾಂಡ್ ವೇಷದ ನಟ ಅರಮನೆಗೆ ಹೋಗಿ ರಾಣಿಯನ್ನು ಕರೆದುಕೊಂಡು ಬರುವ ದೃಶ್ಯ ಬಂತು. ನಿಜವಾದ ರಾಣಿಯೇ ತಿರುಗಿ ಕುಳಿತು ಅವನಿಗೆ ನಮಸ್ಕಾರ ಹೇಳಿದರು. ಆಮೇಲೆ ಹೆಲಿಕಾಪ್ಟರಿನಿಂದ ಆಕೆ ಜಿಗಿದಂತೆ ತೋರಿಸಿದರು. ಮನೆ ಚಪ್ಪಾಳೆ ಕೇಕೆಗಳಿಂದ ತುಂಬಿಹೋಯಿತು. ಎಲ್ಲರೂ ನರ್ಸಮ್ಮನ ಕಡೆ ನೋಡಿದರು. ಅವರು ಮುಗುಳ್ನಕ್ಕು ತಟ್ಟೆಗಳನ್ನು ಎತ್ತಿ ಒಳಗಿಡಲು ಹೊರಟರು.

ಅಷ್ಟರಲ್ಲಿ ಮೈದಾನದ ತುಂಬ ಬಿಳಿಯ ಆಸ್ಪತ್ರೆ ಹಾಸಿಗೆಗಳು ಉರುಳಿಕೊಂಡು ಬಂದವು. ಹಾಸಿಗೆಗಳ ಮೇಲೆ ಮಕ್ಕಳು. ಸುತ್ತ ಹಳೆಯ ಕಾಲದ ಸಮವಸ್ತ್ರ ತೊಟ್ಟ ನರ್ಸುಗಳು ಕುಣಿಯುತ್ತಿದ್ದರು. ಅವರಲ್ಲಿ ಎಷ್ಟೋ ಜನ ವೇಷದವರಲ್ಲ, ಬ್ರಿಟನ್ನಿನ ಸರ್ಕಾರಿ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ (ಎನ್ಎಚ್ಎಸ್) ನಿಜವಾಗಿ ದುಡಿಯುತ್ತಿದ್ದವರು. ಹಾಸಿಗೆಗಳ ಬೆಳಕು ಸೇರಿ ಆ ಸೇವೆಯ ಮೂರು ಅಕ್ಷರಗಳು ಮೂಡಿದವು. ಅಮೆರಿಕನ್ನರಿಗೆ ಏನೂ ಅರ್ಥವಾಗಲಿಲ್ಲ. ಆಟದ ಹಬ್ಬದಲ್ಲಿ ಆಸ್ಪತ್ರೆ ಹಾಸಿಗೆ ಯಾಕೆ ಎಂದು ಒಬ್ಬರು ಗಟ್ಟಿಯಾಗಿಯೇ ಕೇಳಿದರು.

ನರ್ಸಮ್ಮ ಕೈಯಲ್ಲಿ ತಟ್ಟೆಗಳನ್ನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನನ್ನ ತಾಯಿ ಎದ್ದು ಹೋಗಿ ಸೆರಗಿನಿಂದ ಅವರ ಮುಖ ಒರೆಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಮಾತನಾಡಿದರು. ಅವರು ಹುಟ್ಟಿದ ಮರುವರ್ಷ, 1947ರ ಜನವರಿ 1ರಂದು, ದೇಶದ ಕಲ್ಲಿದ್ದಲು ಗಣಿಗಳೆಲ್ಲ ರಾಷ್ಟ್ರೀಕರಣವಾದವು. ಪ್ರತಿ ಗಣಿಯ ಮುಂದೆ ಒಂದು ಫಲಕ ಎದ್ದಿತು. ಈ ಗಣಿಯನ್ನು ಇನ್ನು ಮುಂದೆ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ಜನರ ಪರವಾಗಿ ನಡೆಸುತ್ತದೆ ಎಂದು ಅದರಲ್ಲಿ ಬರೆದಿತ್ತು. ಅವರ ತಂದೆ ಸಾಯುವವರೆಗೂ ಆ ಫಲಕದ ಮಾತು ಹೇಳುತ್ತಿದ್ದರಂತೆ. ದೊರೆಯ ಪರವಾಗಿ ಎಂದಿರಲಿಲ್ಲ, ಜನರ ಪರವಾಗಿ ಎಂದಿತ್ತು. ಮರುವರ್ಷ ಜುಲೈ 5ಕ್ಕೆ ಆರೋಗ್ಯ ಸೇವೆ ಶುರುವಾಯಿತು. ವೈದ್ಯರ ಶುಲ್ಕಕ್ಕೆಂದು ಅಜ್ಜಿ ಅಗ್ಗಿಷ್ಟಿಕೆಯ ಮೇಲಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದ ಚಿಲ್ಲರೆ ಕಾಸು, ಆ ದಿನದಿಂದ ಮೊಮ್ಮಕ್ಕಳ ಬೂಟಿಗೆ ಹೋಯಿತು. "ನನ್ನ ದೇಶ ಅಂದರೆ ನನಗೆ ಅದು," ಎಂದರು. "ಅರಮನೆಯ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಅಕ್ಕರೆ ಬೇರೆ ಕಡೆ ಖರ್ಚಾಗಿ ಹೋಗಿದೆ."

2008ರಲ್ಲಿ ಅವರು ಅಮೆರಿಕದ ಪೌರತ್ವ ತೆಗೆದುಕೊಂಡರು. ಮತ ಹಾಕಬೇಕೆಂಬ ಒಂದೇ ಕಾರಣಕ್ಕೆ. ಇಂಡಿಪೆಂಡೆನ್ಸ್ ಹಾಲ್‌ನಿಂದ ಕೂಗಳತೆಯಲ್ಲಿರುವ ಫೆಡರಲ್ ನ್ಯಾಯಾಲಯದಲ್ಲಿ ಪ್ರಮಾಣವಚನ. ನಾನೂ ಹೋಗಿದ್ದೆ. ಆ ಪ್ರಮಾಣದಲ್ಲಿ ಒಂದು ಮಾತಿದೆ: ಪರದೇಶದ ಯಾವುದೇ ರಾಜಕುಮಾರ, ದೊರೆ, ರಾಜ್ಯಗಳಿಗೆ ನನ್ನ ನಿಷ್ಠೆಯನ್ನು ಸಂಪೂರ್ಣವಾಗಿ ತ್ಯಜಿಸುತ್ತೇನೆ. 1795ರ ಕಾನೂನಿನಿಂದ ಬಂದ ಮಾತು, ಆಗ ಮೂರನೆಯ ಜಾರ್ಜ್ ಇನ್ನೂ ಬದುಕಿದ್ದ. ಆ ಕೋಣೆಯಲ್ಲಿದ್ದ ಹೆಚ್ಚಿನವರಿಗೆ ತ್ಯಜಿಸಲು ದೊರೆಯೇ ಇರಲಿಲ್ಲ. ನರ್ಸಮ್ಮನಿಗೆ ಇದ್ದರು. ಆ ಸಾಲು ಬಂದಾಗ ನಾನು ಅವರ ಮುಖವನ್ನೇ ನೋಡಿದೆ. ದನಿ ಏರಲಿಲ್ಲ, ತಗ್ಗಲಿಲ್ಲ. ಮುಂದಿನ ಸಾಲಿಗೆ, ಸಂವಿಧಾನವನ್ನು ಕಾಪಾಡುತ್ತೇನೆ ಎಂಬಲ್ಲಿಗೆ ಬಂದಾಗ, ಬೆನ್ನು ನೆಟ್ಟಗಾಯಿತು.

ಉಪನ್ಯಾಸದ ನಂತರ ಹಿರಿಯರೊಬ್ಬರು ಎದ್ದು ಕೇಳಿದರು: "ನಾಲ್ವಡಿಯವರ ಬಗ್ಗೆ ನಾವು ಹೀಗೆ ನಿರಾಸಕ್ತರಾಗಿರಲು ಸಾಧ್ಯವೇ ಅಮ್ಮ?"

ಸಾಧ್ಯವಿಲ್ಲ, ಆಗಬಾರದು ಎಂದು ಹೇಳಿದೆ. ನನ್ನ ಅಜ್ಜಿ ಮಂಡ್ಯದ ಕಡೆಯವರು. ಮಹಾರಾಜರ ಫೋಟೊಗೆ ಕೈಮುಗಿಯದೆ ಊಟಕ್ಕೆ ಕೂರುತ್ತಿರಲಿಲ್ಲ. ಕೇಳಿದರೆ ಕಿರೀಟದ ಮಾತು ಬರುತ್ತಿರಲಿಲ್ಲ, ಕನ್ನಂಬಾಡಿಯ ಮಾತು ಬರುತ್ತಿತ್ತು. ನಾಲೆಯ ನೀರು ಮೊದಲ ಸಲ ಗದ್ದೆಗೆ ಬಂದ ದಿನ ಮಾವನವರು ಮಣ್ಣಿನಲ್ಲಿ ಕುಳಿತುಬಿಟ್ಟರು ಎಂದು ಹೇಳುತ್ತಿದ್ದರು. ನಾಲ್ವಡಿಯವರು ಆಳಿದವರು, ಅವರ ಕೆಲಸ ಅಜ್ಜಿಯ ಹೊಲದವರೆಗೆ ತಲುಪಿತ್ತು. ಅಜ್ಜಿಯ ಭಕ್ತಿ, ನರ್ಸಮ್ಮನ ನಿರಾಸಕ್ತಿ, ಎರಡೂ ಒಂದೇ ಪ್ರಶ್ನೆ ಕೇಳಿ ಹುಟ್ಟಿದವು: ನಮ್ಮ ಮನೆಗೆ ಏನು ಬಂತು? 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನ ನಿಲ್ಲಿಸಿತು. ಇಂದು ಜಂಬೂ ಸವಾರಿಯ ಅಂಬಾರಿಯಲ್ಲಿ ಕೂರುವುದು ಚಾಮುಂಡೇಶ್ವರಿ. ಮೈಸೂರಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ನರ್ಸಮ್ಮನ ಅಡುಗೆಮನೆಯಲ್ಲಿ 1953ರ ಪಟ್ಟಾಭಿಷೇಕದ ಒಂದು ಮಗ್ ಇತ್ತು. ಆಗ ಶಾಲೆಯ ಮಕ್ಕಳಿಗೆ ಹಂಚಿದ್ದು. ಅದರಲ್ಲಿ ಮರದ ಸೌಟುಗಳನ್ನು ನಿಲ್ಲಿಸಿರುತ್ತಿದ್ದರು. 2023ರ ಮೇ 6ರಂದು, ಚಾರ್ಲ್ಸ್ ಪಟ್ಟಾಭಿಷೇಕದ ಬೆಳಗ್ಗೆ, ಎದುರು ಮನೆಯ ಒಂಬತ್ತು ವರ್ಷದ ಹುಡುಗಿ ಕಾಗದದ ಕಿರೀಟ ಹಾಕಿಕೊಂಡು ಅವರ ಬಾಗಿಲು ಬಡಿದಳು. ಐದು ಗಂಟೆಗೇ ಎದ್ದು ಟಿವಿ ನೋಡಿ ಬಂದಿದ್ದಳು. ನರ್ಸಮ್ಮ ಸೌಟುಗಳನ್ನು ಕೆಳಗಿಟ್ಟು, ಮಗ್ ತೊಳೆದು ಒರೆಸಿ ಅವಳ ಕೈಗೆ ಕೊಟ್ಟರು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

ಹುಡುಗಿ ಅದರ ಮೇಲಿನ ಮಾಸಿದ ಚಿತ್ರವನ್ನು ಬೆರಳಿನಿಂದ ಸವರಿ ಕೇಳಿದಳು: "ಆ ದಿನ ನಿಮಗೆ ರಾಣಿಯ ಯಾವುದು ಇಷ್ಟವಾಯಿತು?"

ನರ್ಸಮ್ಮ ಸುಮ್ಮನೆ ಇಷ್ಟವಾಯಿತೆಂದು ಹೇಳಬಹುದಿತ್ತು. ಮಕ್ಕಳಿಗೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಯುದ್ಧ ಮುಗಿದು ಎಂಟು ವರ್ಷವಾದರೂ ನಮ್ಮಲ್ಲಿ ಸಕ್ಕರೆ ಪಡಿತರದಲ್ಲೇ ಇತ್ತು ಎಂದು ಶುರುಮಾಡಿದರು. ಪಡಿತರ ಅಂದರೇನೆಂದು ಹುಡುಗಿ ಕೇಳಿದಳು, ಅದನ್ನೂ ವಿವರಿಸಿದರು. ಪಟ್ಟಾಭಿಷೇಕಕ್ಕೆಂದು ಆ ತಿಂಗಳು ಒಬ್ಬೊಬ್ಬರಿಗೂ ಒಂದು ಪೌಂಡ್ ಸಕ್ಕರೆ ಹೆಚ್ಚು ಕೊಟ್ಟರು. ಮನೆಯಲ್ಲಿ ಐದು ಜನ, ಐದು ಪೌಂಡ್. ಅಮ್ಮ ಅಷ್ಟನ್ನೂ ಮೇಜಿನ ಮೇಲೆ ಇಟ್ಟು, ನಮ್ಮನ್ನೆಲ್ಲ ಕರೆದು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ನನ್ನ ಅಂಗೈಗೆ ಒಂದು ಚಮಚ ಹಾಕಿದಳು.

ಹುಡುಗಿ ಕಿರೀಟವನ್ನು ತೆಗೆದು ಪಕ್ಕಕ್ಕಿಟ್ಟು, ಇನ್ನಷ್ಟು ಹತ್ತಿರ ಸರಿದು ಕುಳಿತಳು. "ಆಮೇಲೆ?" ಎಂದಳು.